ರಾಯಚೂರಿನ ಬಿಸಿಲಿಗೆ ನಾಯಿಯ ನೀರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬಹುದಾ?

ಇಡದಿರುವುದೇ ಒಳ್ಳೆಯದು. 2006ರ ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಆಹಾರ' ಅಂದರೆ ಮನುಷ್ಯರದ್ದು, ಪಶು ಆಹಾರ ಅದರಲ್ಲಿ ಸೇರಲ್ಲ. ಅಮೆರಿಕದ ಕಾನೂನಲ್ಲಿ ಪ್ರಾಣಿಗಳದ್ದೂ ಆಹಾರವೇ. ಹಾಗಾಗಿ ಇಲ್ಲಿ ನಾಯಿಯ ಪಾತ್ರೆಗೆ ಆ ಕಾಯ್ದೆಯ ಕಾವಲಿಲ್ಲ, ಅಂಗಡಿಯ ಲೇಬಲ್ ನಂಬಿ ಕೂರಬೇಡಿ. ನೀವು ಉಣ್ಣುವ ಸ್ಟೀಲ್ ತಟ್ಟೆಯಂಥದ್ದನ್ನೇ ಕೊಡಿ.

ಪ್ಲಾಸ್ಟಿಕ್ಕಿಗೆ ಹಲ್ಲಿನ ಗೀರು ಬಿದ್ದರೆ ಆ ಸಂದಿಯಲ್ಲಿ ಲೋಳೆ ಕೂರುತ್ತದೆ, ತೊಳೆದರೂ ಪೂರ್ತಿ ಹೋಗಲ್ಲ. 40 ಡಿಗ್ರಿ ದಾಟುವ ಬಿಸಿಲಲ್ಲಿ ಪ್ಲಾಸ್ಟಿಕ್ ಬೇಗ ಹಾಳಾಗುತ್ತದೆ ಕೂಡ.

ನನಗೆ ಜಾಸ್ತಿ ಭಯ ಹೊಲದ ಮನೆಗಳದ್ದು. ಹತ್ತಿಗೆ ಹೊಡೆದ ಎಣ್ಣೆಯ (ಕೀಟನಾಶಕದ) ಕ್ಯಾನ್ ಅರ್ಧಕ್ಕೆ ಕೊಯ್ದು ನಾಯಿಗೆ ನೀರಿಡುತ್ತಾರೆ. ಎಷ್ಟು ಸಲ ತೊಳೆದರೂ ಅದು ನೀರಿಡುವ ಪಾತ್ರೆ ಅಲ್ಲ. ಸತು ಬಳಿದ ತಗಡಿನ ಬಕೆಟ್‌ನಲ್ಲಿ ಮಜ್ಜಿಗೆ ಅನ್ನವೂ ಬೇಡ. ಹುಳಿಗೆ ಸತು ಬಿಡುತ್ತದೆ, ಜಾಸ್ತಿ ಹೊಟ್ಟೆಗೆ ಹೋದರೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ.

ನೀರಿಗೆ ಬಣ್ಣ ಬಳಿಯದ ಮಣ್ಣಿನ ಬೋಗುಣಿ ಚೆನ್ನ, ತಂಪಾಗಿಯೂ ಇರುತ್ತದೆ. ಹೊಳೆಯುವ ಅಗ್ಗದ ಪಿಂಗಾಣಿ ಬೇಡ, ಮೆರುಗಿನಲ್ಲಿ ಸೀಸ ಇರಬಹುದು. ದಿನಾ ಸೋಪಿನಲ್ಲಿ ಉಜ್ಜಿ, ನೆರಳಲ್ಲಿಡಿ. ಸ್ಟೀಲೂ ಬಿಸಿಲಿಗೆ ಮೂತಿ ಸುಡುತ್ತದೆ, ಅಲ್ವಾ?