ಪಕ್ಕದ ಮನೆ ಅಜ್ಜನ ವಿಎ ಹಣದಲ್ಲಿ ಫಿಡ್ಯೂಷಿಯರಿ ಎಷ್ಟು ಹಿಡಿದುಕೊಳ್ಳಬಹುದು?

ಟೆಕ್ಸಾಸ್‌ನಲ್ಲಿ ನಿಮ್ಮ ಪಕ್ಕದ ಮನೆಯ ಅಜ್ಜ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಈಗ ಮರೆವಿನ ಕಾಯಿಲೆ. ಅವರ ಹಣ ನೋಡಿಕೊಳ್ಳಲು ವಿಎ (ಮಾಜಿ ಸೈನಿಕರಿಗೆ ನೆರವಿನ ಹಣ ಕೊಡುವ ಅಮೆರಿಕ ಸರ್ಕಾರದ ಇಲಾಖೆ) ನೇಮಿಸಿದ ಫಿಡ್ಯೂಷಿಯರಿ, ಅಂದರೆ ಹಣದ ಉಸ್ತುವಾರಿ, ತಿಂಗಳ 3,000 ಡಾಲರ್‌ನಲ್ಲಿ 200 ತಾವೇ ಹಿಡಿದುಕೊಳ್ಳುತ್ತಾರೆ, ಇದು ಸರಿಯಾ ಅಂತ ಕೇಳಿದ್ದೀರಿ.

ಸರಿಯಿಲ್ಲ. ಫೀ ತಗೊಳ್ಳಲು ವಿಎ ಒಪ್ಪಿದ್ದರೂ ತಿಂಗಳ ವಿಎ ಹಣದ 4% ದಾಟುವಂತಿಲ್ಲ. 3,000ಕ್ಕೆ 120 ಡಾಲರ್, ಅಷ್ಟೇ. ಆ 3,000ದಲ್ಲಿ ಸೋಷಿಯಲ್ ಸೆಕ್ಯುರಿಟಿ (ಸರ್ಕಾರ ಕೊಡುವ ಬೇರೊಂದು ಪಿಂಚಣಿ) ಹಣವೂ ಸೇರಿದ್ದರೆ ಅದನ್ನು ಕಳೆದು ಲೆಕ್ಕ ಹಾಕಿ, ಇನ್ನೂ ಇಳಿಯುತ್ತದೆ.

ನಾನು ಇದನ್ನೆಲ್ಲ ಕಲಿತದ್ದು ನಮ್ಮ ಮಾವನವರಿಂದ. ಹೆಂಡತಿ ಇಲ್ಲಿಯವಳೇ, ಅವರಪ್ಪ ನೌಕಾಪಡೆಯಲ್ಲಿದ್ದವರು. ನಾವು ಆಗ ದೂರದ ಊರಲ್ಲಿದ್ದೆವು. ಹಾಗಾಗಿ ಮೊದಲು ಫೀ ತಗೊಳ್ಳುವ ಫಿಡ್ಯೂಷಿಯರಿ ಒಬ್ಬರು ಬಂದರು. ಕೆಟ್ಟವರೇನಲ್ಲ, ಬಾಡಿಗೆ, ಕರೆಂಟ್ ಬಿಲ್ ಎಲ್ಲ ಹೊತ್ತಿಗೆ ಸರಿಯಾಗಿ ಕಟ್ಟುತ್ತಿದ್ದರು. ಒಂದು ಸಲ ಹಳೇ ಕ್ಲೇಮ್ ಮಂಜೂರಾಗಿ 18,000 ಡಾಲರ್ ಹಿಂಬಾಕಿ ಒಟ್ಟಿಗೆ ಬಂತು. ಮರುವಾರವೇ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲು: ಫೀ, 720. ಗುಣಾಕಾರವೇನೋ ಸರಿಯಾಗಿಯೇ ಇತ್ತು! ಆದರೆ ಹೀಗೆ ಒಟ್ಟಿಗೆ ಬರುವ ಹಿಂಬಾಕಿಯ ಮೇಲೆ ಫೀ ಹಿಡಿಯುವಂತೆಯೇ ಇಲ್ಲ. ಸ್ಟೇಟ್‌ಮೆಂಟಿನ ಪ್ರತಿ ಇಟ್ಟು ಫಿಡ್ಯೂಷಿಯರಿಗಳ ಮೇಲ್ವಿಚಾರಣೆ ಮಾಡುವ ವಿಎ ಕಚೇರಿ ಫಿಡ್ಯೂಷಿಯರಿ ಹಬ್‌ಗೆ ಪತ್ರ ಬರೆದೆವು. ಹಣ ವಾಪಸ್ ಖಾತೆಗೆ ಬಿತ್ತು, ನಿಧಾನವಾಗಿ.

ಫೀ ಅನ್ನೋದು ಫಿಡ್ಯೂಷಿಯರಿಯ ಹಕ್ಕಲ್ಲ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ಪುಕ್ಕಟೆ ಮಾಡಲು ತಕ್ಕವರು ಯಾರೂ ಸಿಗದಿದ್ದಾಗ ಮಾತ್ರ ವಿಎ ಅದಕ್ಕೆ ಒಪ್ಪುತ್ತದೆ. ಹೆಂಡತಿ, ಮಕ್ಕಳು, ನೆಂಟರಿಗಂತೂ ಒಂದು ಸೆಂಟೂ ಇಲ್ಲ. ಹಾಗಾಗಿ ನೀವೇ ದುಡ್ಡಿಲ್ಲದೆ ನೋಡಿಕೊಳ್ಳಲು ತಯಾರಿದ್ದರೆ, ಆ 200ರ ಬಗ್ಗೆ ಹಬ್‌ಗೆ ಬರೆಯುವ ಪತ್ರದಲ್ಲಿ ಅದನ್ನೂ ಬರೆಯಿರಿ. ಅಜ್ಜನಿಗೂ ಅದು ಬೇಕಾ ಅಂತ ಮೊದಲು ಕೇಳಿ. ವಿಎಯವರು ನಿಮ್ಮ ಕ್ರೆಡಿಟ್, ಹಿನ್ನೆಲೆ ಎಲ್ಲ ನೋಡುತ್ತಾರೆ. ಅಜ್ಜನ ಪವರ್ ಆಫ್ ಅಟಾರ್ನಿ ನಿಮ್ಮ ಹತ್ತಿರ ಇದ್ದರೂ ಅದರಿಂದ ವಿಎ ಹಣ ಮುಟ್ಟಲಾಗದು, ವಿಎ ನೇಮಕವೇ ಬೇಕು.

ಪತ್ರದಲ್ಲಿ ಸುಮ್ನೆ ಅನುಮಾನ ಬರೆಯಬೇಡಿ. ಯಾವ ತಿಂಗಳು, ಎಷ್ಟು ಡಾಲರ್ ಅಂತ ಬರೆಯಿರಿ. ಫೀ ತಗೊಳ್ಳುವವರು ವರ್ಷಕ್ಕೊಮ್ಮೆ ವಿಎಗೆ ಲೆಕ್ಕ ಒಪ್ಪಿಸಲೇಬೇಕು. ಆ 200 ಅನ್ನು ಅಲ್ಲಿ ಏನಂತ ತೋರಿಸಿದ್ದಾರೋ, ನೋಡಬೇಕಾದದ್ದು ಅದು, ಅಲ್ವಾ?

ಈಗ ನಮ್ಮ ಮಾವನ ಲೆಕ್ಕ ನನ್ನದೇ. ರಸೀದಿಗಳೆಲ್ಲ ಒಂದು ಶೂ ಡಬ್ಬದಲ್ಲಿವೆ. ವಿಎ ಹಣ 25,000 ದಾಟಿದಾಗ ಶ್ಯೂರಿಟಿ ಬಾಂಡ್ (ನಾನು ಹಣ ದುರುಪಯೋಗ ಮಾಡಿದರೆ ತುಂಬಿಕೊಡುವ ಖಾತರಿ) ಬೇರೆ ಮಾಡಿಸಬೇಕಾಯಿತು, ಅದರ ಖರ್ಚು ಅವರ ಹಣದಿಂದಲೇ ಹೋಗುತ್ತದೆ. ಶುಕ್ರವಾರ ಕೈಖರ್ಚಿಗೆ 40 ಡಾಲರ್ ಕೊಡುತ್ತೇನೆ. ಎರಡು ಸಲ ಎಣಿಸಿ, "ನಿನ್ನ ಪಾಲು ಎಷ್ಟು?" ಅಂತ ಕೇಳುತ್ತಾರೆ. ಏನೂ ಇಲ್ಲ ಅಂದರೆ ನಂಬುವುದಿಲ್ಲ, ಮೂರನೇ ಸಲ ಎಣಿಸುತ್ತಾರೆ.