ಮಹಾಸ್ಫೋಟವನ್ನು ಒಪ್ಪಿದರೆ ಆದಿಕಾಂಡವನ್ನು ಬಿಡಬೇಕೆ?

ವಿಶ್ವವು ಅತಿ ಸಾಂದ್ರವಾದ ಸ್ಥಿತಿಯಿಂದ ಹಿಗ್ಗುತ್ತಾ ಬಂದಿದೆ ಎನ್ನುವ ಮಹಾಸ್ಫೋಟ (ಬಿಗ್ ಬ್ಯಾಂಗ್) ಸಿದ್ಧಾಂತವನ್ನು ಒಪ್ಪುವ ಕ್ರೈಸ್ತರು, ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿದನೆನ್ನುವ ಬೈಬಲಿನ ಆದಿಕಾಂಡವನ್ನು ಕೈಬಿಟ್ಟಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆಗುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಆ ಸಿದ್ಧಾಂತಕ್ಕೆ ಬುನಾದಿ ಹಾಕಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಅವರೇ ಕ್ಯಾಥೊಲಿಕ್ ಪಾದ್ರಿ. 1923ರಲ್ಲಿ ಗುರುದೀಕ್ಷೆ ಪಡೆದ ಅವರು 1927ರಲ್ಲಿ ಐನ್‌ಸ್ಟೈನರ ಸಮೀಕರಣಗಳನ್ನೇ ಆಧರಿಸಿ ವಿಶ್ವವು ಹಿಗ್ಗುತ್ತಿದೆ ಎಂದು ವಾದಿಸಿದರು. ಸ್ವತಃ ಐನ್‌ಸ್ಟೈನರು ಆಗ ಅದನ್ನು ಒಪ್ಪಲಿಲ್ಲ.

ಆದರೆ ಪಾದ್ರಿಯೊಬ್ಬರು ಹೇಳಿದರು ಎಂಬ ಮಾತ್ರಕ್ಕೆ ನಿಮ್ಮ ಸಂದೇಹ ಬಗೆಹರಿಯದು. ತಮ್ಮ ಸಿದ್ಧಾಂತವನ್ನು ಧರ್ಮದ ಪರವಾದ ಸಾಕ್ಷ್ಯವಾಗಿಸಲು ಅವರು ಒಪ್ಪಲಿಲ್ಲವೆಂಬುದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ವಿಶ್ವದ ಆರಂಭವನ್ನು ಕುರಿತು 1931ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಗೆ ಬರೆದ ಪುಟ್ಟ ಲೇಖನದ ಬೆರಳಚ್ಚು ಪ್ರತಿಯ ಕೊನೆಯಲ್ಲಿ, ದೇವರು ಸ್ವಭಾವತಃ ಮರೆಯಾಗಿರುವವನು, ಸೃಷ್ಟಿಯನ್ನು ಮರೆಮಾಡುವ ತೆರೆಯೊಂದನ್ನು ಇಂದಿನ ಭೌತಶಾಸ್ತ್ರ ಒದಗಿಸುತ್ತಿರುವುದನ್ನು ಕಂಡು ಆಸ್ತಿಕರು ಸಂತೋಷಪಡಬಹುದು ಎಂಬರ್ಥದ ಮಾತುಗಳಿದ್ದವು. ಅಚ್ಚಾಗುವ ಮುನ್ನ ಅವರು ಅವನ್ನು ಹೊಡೆದುಹಾಕಿದರು. ಅವರ ನಂಬಿಕೆ ಕಡೆಯವರೆಗೂ ಬದಲಾಗಲಿಲ್ಲ. ಆ ಮಾತಿಗೆ ಅದು ಸ್ಥಳವಲ್ಲ ಎಂದು ಅವರಿಗೆ ಅನಿಸಿರಬೇಕು.

1951ರ ನವೆಂಬರ್‌ನಲ್ಲಿ ಹನ್ನೆರಡನೇ ಪಯಸ್ ಪೋಪರು, ಲೆಮೈತ್ರ್ ಸದಸ್ಯರಾಗಿದ್ದ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲೇ ಮಾತನಾಡುತ್ತಾ, ಆದಿಕಾಂಡದಲ್ಲಿ ದೇವರು ನುಡಿಯುವ ‘ಬೆಳಕಾಗಲಿ’ ಎಂಬ ಆದಿವಾಕ್ಯಕ್ಕೆ ಹೊಸ ಖಗೋಳವಿಜ್ಞಾನ ಸಾಕ್ಷಿಯಾಗಿ ನಿಂತಿದೆ ಎಂಬಂತೆ ಹೇಳಿದರು. ಲೆಮೈತ್ರ್ ಅವರಿಗೆ ಇದು ಹಿಡಿಸಲಿಲ್ಲ. ಆಗಿನ್ನೂ ಮಹಾಸ್ಫೋಟವು ಪರೀಕ್ಷೆಗೊಳಪಡಬೇಕಿದ್ದ ಊಹೆ. ವಿಶ್ವಕ್ಕೆ ಆರಂಭವೇ ಇಲ್ಲವೆನ್ನುವ, ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಮುಂತಾದವರ ಸ್ಥಿರಸ್ಥಿತಿ ಸಿದ್ಧಾಂತ ಎದುರಿಗೆ ಬಲವಾಗಿ ನಿಂತಿತ್ತು. ನಾಳೆ ಬಿದ್ದುಹೋಗಬಹುದಾದ ಲೆಕ್ಕಾಚಾರಕ್ಕೆ ಭಕ್ತಿಯನ್ನು ಕಟ್ಟಿಹಾಕಿದರೆ ಎರಡಕ್ಕೂ ಅನ್ಯಾಯವಾಗುತ್ತದೆ ಎಂದು ನಾನೂ ಭಾವಿಸುತ್ತೇನೆ. ಮರುವರ್ಷ ರೋಮಿನಲ್ಲಿ ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದಾಗ ಪೋಪರು ಆ ವಾದವನ್ನು ಮತ್ತೆ ಎತ್ತಲಿಲ್ಲ. ತಮ್ಮ ಸಿದ್ಧಾಂತವು ದೇವರನ್ನು ನಿರಾಕರಿಸುವ ಸ್ವಾತಂತ್ರ್ಯವನ್ನು ಭೌತವಾದಿಗೂ ಉಳಿಸುತ್ತದೆ ಎಂದು ಲೆಮೈತ್ರ್ 1958ರಲ್ಲಿ ಬಿಚ್ಚುಮಾತಿನಲ್ಲೇ ಹೇಳಿದರು.

ಇನ್ನು ಆದಿಕಾಂಡದ ಆರು ದಿನಗಳ ವಿಚಾರ. ಅವನ್ನು ಇಪ್ಪತ್ನಾಲ್ಕು ಗಂಟೆಗಳ ದಿನಗಳೆಂದೇ ಓದುವ ಕ್ರೈಸ್ತರಿಗೆ ಮಹಾಸ್ಫೋಟದೊಂದಿಗೆ ತೊಡಕು ಇದ್ದೇ ಇದೆ. ಅದನ್ನು ನಾನು ಮುಚ್ಚಿಡಲಾರೆ. ಆದರೆ ಹಾಗೆ ಓದಲೇಬೇಕೆಂಬ ಕಟ್ಟು ಇಲ್ಲ. ದೂರದರ್ಶಕವೇ ಇಲ್ಲದ ಐದನೆಯ ಶತಮಾನದಲ್ಲೇ ಕ್ರೈಸ್ತ ಧರ್ಮಚಿಂತಕ ಸಂತ ಅಗಸ್ಟೀನರು ಅವು ನಾವು ಎಣಿಸುವ ಸಾಮಾನ್ಯ ದಿನಗಳಲ್ಲವೆಂದು ವಿವರಿಸಿದ್ದರು.