ಅಂಗಡಿಯ ಉಚಿತ ಬಿಲ್ಲಿಂಗ್ ಸೇವೆ ಈಗ ಚಂದಾ ಕೇಳುತ್ತಿದೆ. ಬೇರೆ ಉಚಿತ ಸೇವೆ ಯಾವುದಿದೆ?

ಬೇರೆ ಉಚಿತ ಸೇವೆಯನ್ನು ಹುಡುಕಲೇಬೇಡಿ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಎಂದು ಬರೆದಿದ್ದೀರಿ, ಹಾಗಾದರೆ ನಿಮ್ಮ ಅರ್ಧ ವ್ಯಾಪಾರ ಉದ್ರಿಯಲ್ಲೇ ಇರುತ್ತದೆ. ನಮ್ಮದೂ ಅಂಥದ್ದೇ. ನೀವು ಈಗ ಮಾಡಹೊರಟಿರುವುದನ್ನು ನಾನು ಮಾಡಿ ಅನುಭವಿಸಿದ್ದೇನೆ.

ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಪ್ಯಾಂಟ್ ತಯಾರಿಸುವ ಸಣ್ಣ ಘಟಕ. ಕಟಿಂಗ್ ನಮ್ಮಲ್ಲಿ, ಹೊಲಿಗೆ ಮನೆಮನೆಗಳಲ್ಲಿ, ವಾಷಿಂಗ್ ಇನ್ನೊಬ್ಬರಲ್ಲಿ. ಮಾಲು ಹೋಗುವುದು ಒಂದೇ ಸಲ, ಹಣ ಬರುವುದು ಕಂತುಕಂತಾಗಿ. ಹಬ್ಬಕ್ಕೆ ಮುಂಚೆ ಇಪ್ಪತ್ತು ಸಾವಿರ, ಮುಂದಿನ ತಿಂಗಳು ಹದಿನೈದು, ನಡುವೆ ಬಣ್ಣ ಬಿಟ್ಟ ಪ್ಯಾಂಟುಗಳು ವಾಪಸು ಬಂದರೆ ಅಷ್ಟು ವಜಾ. ಈ ಚೂರುಪಾರುಗಳು ಯಾವ ಬಿಲ್ಲಿಗೆ ಜಮೆಯಾಗಬೇಕು ಎಂಬುದನ್ನು ನಾವು ಬಳಸುತ್ತಿದ್ದ ಉಚಿತ ಬಿಲ್ಲಿಂಗ್ ಸೇವೆ ತಾನೇ ಹೊಂದಿಸಿಡುತ್ತಿತ್ತು. ಅಪ್ಪನ ಕೆಂಪು ಬಟ್ಟೆಯ ಖಾತೆ ಪುಸ್ತಕ ಅಟ್ಟ ಸೇರಿದ್ದೇ ಅದರ ಭರವಸೆಯ ಮೇಲೆ.

ಚಂದಾ ಕಟ್ಟದಿದ್ದರೆ ಖಾತೆ ಮುಚ್ಚಲಾಗುತ್ತದೆ ಎಂಬ ಸೂಚನೆ ಬಂದಾಗ ಮೈಯೆಲ್ಲ ಉರಿಯಿತು. ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದು ಹಟ ಹಿಡಿದು, ಗಡುವಿನೊಳಗೆ ಎಲ್ಲ ಬಿಲ್ಲುಗಳನ್ನೂ ಪಿಡಿಎಫ್ ಆಗಿ ಇಳಿಸಿಕೊಂಡೆ. ತಪ್ಪಿದ್ದು ಇಲ್ಲೇ, ಇದನ್ನು ಬಿಡಿಸಿ ಹೇಳುತ್ತೇನೆ. ಪಿಡಿಎಫ್‌ನಲ್ಲಿ ಪಾರ್ಟಿಯ ಹೆಸರು, ತಾರೀಖು, ಸರಕಿನ ಬಗೆ ಸೂಚಿಸುವ 6203 ಎಂಬ ಎಚ್‌ಎಸ್‌ಎನ್ ಸಂಕೇತ, ಸೈಜು, ತೆರಿಗೆ, ಒಟ್ಟು ಮೊತ್ತ ಎಲ್ಲವೂ ಇದ್ದವು. ಹೊಸ ತಂತ್ರಾಂಶ ಅವನ್ನು ಓದಿಕೊಳ್ಳಲಿಲ್ಲ. ಇರಲಿ, ಕೈಯಲ್ಲೇ ಹೊಡೆದು ತುಂಬಿಸಬಹುದಿತ್ತು. ಬಿಲ್ ಹರಿದ ಮೇಲೆ ನಡೆದ ಸಂಗತಿ ಬಿಲ್ಲಿನಲ್ಲಿ ಇರುವುದಿಲ್ಲವಲ್ಲ! ಬಂದ ಹಣ, ವಾಪಸಾದ ಮಾಲು, ಮಾಡಿದ ವಜಾ ಇವೆಲ್ಲ ಇದ್ದದ್ದು ಪಾರ್ಟಿವಾರು ಲೆಡ್ಜರಿನಲ್ಲಿ, ಅಂದರೆ ಒಬ್ಬೊಬ್ಬ ಗಿರಾಕಿಯ ಖಾತೆ ಪುಟದಲ್ಲಿ. ಆ ಪುಟದ ಕೆಳಗೆ ಎಕ್ಸೆಲ್‌ಗೆ ಇಳಿಸಿಕೊಳ್ಳುವ ಗುಂಡಿ ಇತ್ತು. ನೋಡಿದ್ದೆ. ಬಿಲ್ಲುಗಳಿದ್ದರೆ ಸಾಕು ಎಂದು ಮುಂದೆ ಹೋದೆ. ಬ್ಯಾಂಕಿನ ಪಾಸ್‌ಬುಕ್ ಇದೆಯಲ್ಲ ಎನ್ನಬಹುದು ನೀವು. ಪಾಸ್‌ಬುಕ್ಕಿನಲ್ಲಿ ಹಣ ಬಂದದ್ದು ತಿಳಿಯುತ್ತದೆ, ಯಾವ ಬಿಲ್ಲಿಗೆ ಬಂದದ್ದು ಎಂದು ತಿಳಿಯುವುದಿಲ್ಲ. ನಗದಿನ ಸುಳಿವಂತೂ ಅಲ್ಲಿಲ್ಲ.

ಮುಂದಿನ ದೀಪಾವಳಿಯ ಲೆಕ್ಕಕ್ಕೆ ಕುಳಿತಾಗ ಸೊಲ್ಲಾಪುರದ ಒಬ್ಬ ವ್ಯಾಪಾರಿ ತನ್ನ ಕಡೆಯಿಂದ ಎಲ್ಲ ಚುಕ್ತಾ ಎಂದರು. ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ಆಗ ಚಂದಾ ಕಟ್ಟುತ್ತೇನೆಂದರೂ ಹಳೆಯ ಖಾತೆ ತೆರೆಯಲಿಲ್ಲ. ಆ ಒಂದು ಬಾಕಿಯಲ್ಲಿ ವರ್ಷಗಟ್ಟಲೆ ಚಂದಾ ಕಟ್ಟಬಹುದಿತ್ತು.

ಕಂಪನಿ ಮೋಸ ಮಾಡಿತು ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ಚಿತ್ರಗಳನ್ನು ಕೂಡಿಡುವ ಜಾಲತಾಣ ಫ್ಲಿಕರ್ 2013ರಲ್ಲಿ ಒಂದು ಟೆರಾಬೈಟ್ ಜಾಗವನ್ನು ಪುಕ್ಕಟೆ ಕೊಟ್ಟಿತ್ತು. 2018ರಲ್ಲಿ ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಘೋಷಿಸಿತು. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಿಂದ ನಿಲ್ಲಿಸಿತು, ಆ ವಿಷಯವನ್ನು 2020ರ ನವೆಂಬರಿನಲ್ಲೇ ತಿಳಿಸಿತ್ತು. ಅಷ್ಟು ದೊಡ್ಡವರಿಗೇ ಪುಕ್ಕಟೆ ನಡೆಸಲು ಆಗಲಿಲ್ಲ. ನೀವು ಹುಡುಕುತ್ತಿರುವ ಹೊಸ ಉಚಿತ ಸೇವೆ ಯಾರ ದುಡ್ಡಿನಲ್ಲಿ ನಡೆದೀತು? ಮೂರು ವರ್ಷ ಬಿಟ್ಟು ಇದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೀರಿ, ಅಷ್ಟರಲ್ಲಿ ಲೆಕ್ಕ ಇನ್ನಷ್ಟು ಬೆಳೆದಿರುತ್ತದೆ.

ಒಂದು ತಿಂಗಳಿನ ಚಂದಾ ಕಟ್ಟಿ. ವರ್ಷದ್ದನ್ನೇ ಕೇಳಿದರೆ ವರ್ಷದ್ದನ್ನೇ ಕಟ್ಟಿ, ಜಗ್ಗಾಡಬೇಡಿ. ಗ್ರಾಹಕರ ಲೆಡ್ಜರ್, ಬಾಕಿ ಪಟ್ಟಿ, ದಾಸ್ತಾನು ಮೂರನ್ನೂ ಎಕ್ಸೆಲ್ ಅಥವಾ ಸಾಲು-ಕಾಲಂಗಳ ಸರಳ ಪಠ್ಯ ಕಡತವಾದ ಸಿಎಸ್‌ವಿ ರೂಪದಲ್ಲಿ ತೆಗೆದುಕೊಳ್ಳಿ. ಬೇರೊಂದು ಕಂಪ್ಯೂಟರಿನಲ್ಲಿ ಕಡತ ತೆರೆದು, ಬಾಕಿಯ ಕಾಲಂ ಕೂಡಿಸಿ, ಪರದೆಯ ಮೊತ್ತಕ್ಕೆ ತಾಳೆ ನೋಡಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಬಿಡಬೇಡಿ. ಬಿಲ್ಲುಗಳ ಪಿಡಿಎಫ್ ಕೂಡ ಇರಲಿ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ದಾಖಲೆ ಕಾಪಾಡಬೇಕು. ಅಲ್ಲೇ ಉಳಿಯುವುದೋ ಬಿಡುವುದೋ ಎಂಬ ಯೋಚನೆ ಆಮೇಲಿನದು.

ಗಡುವು ಯಾವ ದಿನ ಎಂದು ನೀವು ಬರೆದಿಲ್ಲ. ಇನ್ನೂ ಮುಗಿದಿಲ್ಲವಾದರೆ, ನನಗೆ ಮರುಪ್ರಶ್ನೆ ಹಾಕುವ ಮೊದಲು ಭತ್ತ ಮಾರಿ ಕೊಡುತ್ತೇವೆಂದು ಹೇಳಿಹೋದ ರೈತರ ಉದ್ರಿ ಪಟ್ಟಿಯನ್ನು ಇಳಿಸಿಕೊಳ್ಳಿ.